ಹಿತ್ತಲಿಗೆ ಸುಣ್ಣ, ಮತ್ತು ಎಡ್ಮಂಡ್ ರಫಿನ್

ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ಹತ್ತಿರದ ಈ ಮನೆಗೆ ಬಂದ ಮೊದಲ ವರ್ಷ ಹಿತ್ತಲಲ್ಲಿ ಮೆಂತ್ಯ ಬಿತ್ತಿದೆ. ಎರಡೆಲೆ ಬಂದು ಹಳದಿಯಾಗಿ ಕೂತುಬಿಟ್ಟಿತು. ಅವರೆಯದೂ ಅದೇ ಕಥೆ. ಗೊಬ್ಬರ ಸುರಿದೆ, ನೀರು ಜಾಸ್ತಿ ಮಾಡಿದೆ, ಏನೂ ಆಗಲಿಲ್ಲ. ಸೊಂಪಾಗಿ ಬೆಳೆದದ್ದು ಶೀಪ್ ಸಾರೆಲ್ ಅನ್ನೋ ಹುಳಿ ಎಲೆಯ ಕಳೆ ಮಾತ್ರ.

ಮಣ್ಣು ಪರೀಕ್ಷೆ ಮಾಡಿಸಿದಾಗ ಪಿಎಚ್ 5.1 ಬಂತು, 7ಕ್ಕಿಂತ ಕೆಳಗಿದ್ದಷ್ಟೂ ಮಣ್ಣು ಹುಳಿ. ಇಲ್ಲಿನ ಹುಳಿ ಮಣ್ಣಿನ ಬಗ್ಗೆ ಓದುತ್ತಾ ಹೋದಾಗ ಸಿಕ್ಕಿದವನು ಎಡ್ಮಂಡ್ ರಫಿನ್. 1794ರಲ್ಲಿ ಇಲ್ಲೇ ಪ್ರಿನ್ಸ್ ಜಾರ್ಜ್ ಕೌಂಟಿಯಲ್ಲಿ ಹುಟ್ಟಿದವನು. ಜೇಮ್ಸ್ ನದಿಯ ದಡದ ಕಾಗಿನ್ಸ್ ಪಾಯಿಂಟ್ ಅವನ ಜಮೀನು. ತಲೆಮಾರುಗಳ ಕಾಲ ತಂಬಾಕು, ಮೆಕ್ಕೆಜೋಳ ಬೆಳೆದು ಸುತ್ತಲಿನ ನೆಲ ಸೋತುಹೋಗಿತ್ತು, ಜನ ಊರು ಬಿಟ್ಟು ಪಶ್ಚಿಮಕ್ಕೆ ಹೋಗುತ್ತಿದ್ದರು. ಅವನು ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಕೃಷಿ ರಸಾಯನಶಾಸ್ತ್ರ ಓದಿ, ತನ್ನ ಮಣ್ಣಿನಲ್ಲಿ ಸುಣ್ಣವೇ ಇಲ್ಲ ಅಂತ ಆಮ್ಲ ಹಾಕಿ ನೋಡಿ ಕಂಡುಕೊಂಡ (ಸುಣ್ಣ ಇದ್ದರೆ ಆಮ್ಲಕ್ಕೆ ಗುಳ್ಳೆ ಏಳುತ್ತದೆ, ಮಣ್ಣಿನ ಹುಳಿ ತಗ್ಗಿಸೋದೂ ಅದೇ ಸುಣ್ಣ). ಅಲ್ಲೇ ನೆಲದಡಿ ಸಿಗುತ್ತಿದ್ದ ಮಾರ್ಲ್, ಅಂದರೆ ಹಳೇ ಸಮುದ್ರದ ಚಿಪ್ಪು ತುಂಬಿದ ಮಣ್ಣು, ಅಗೆಸಿ 1818ರಲ್ಲಿ ಹೊಲಕ್ಕೆ ಹಾಕಿಸಿದ. ಮೆಕ್ಕೆಜೋಳದ ಇಳುವರಿ ಸುಮಾರು ಶೇ. 40 ಹೆಚ್ಚಿತು. 1832ರಲ್ಲಿ ಅದನ್ನೇ ಪುಸ್ತಕ ಮಾಡಿದ.

ನಾನೂ ನನ್ನ ಮಣ್ಣಿಗೆ ವಿನೆಗರ್ ಹಾಕಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಮೊಟ್ಟೆ ಚಿಪ್ಪಿನ ಪುಡಿಗೆ ಹಾಕಿದಾಗ ಬುಸ್ಸೆಂದಿತು. ಇನ್ನು ಸುಣ್ಣ ಅಂದರೆ ನಮಗೆ ತಕ್ಷಣ ನೆನಪಾಗೋದು ಎಲೆಗೆ ಹಚ್ಚುವ ಸುಣ್ಣ ಅಲ್ವಾ? ಅದನ್ನು ತರಬೇಡಿ, ಅದು ತುಂಬಾ ಖಾರ, ಬೇರು ಸುಟ್ಟುಹೋಗುತ್ತದೆ. ಸುಣ್ಣದ ಕಲ್ಲಿನ ನುಣ್ಣನೆ ಪುಡಿ ಸಾಕು. ಪರೀಕ್ಷೆಯ ವರದಿಯಲ್ಲಿ ಹೇಳಿದಷ್ಟೇ ಅಳೆದು, ಅಕ್ಟೋಬರ್‌ನಲ್ಲಿ ಹರಡಿ, ಮೇಲಿನ ಆರಿಂಚು ಮಣ್ಣಿಗೆ ಬೆರೆಸಿದೆ. ಕರಗಿ ಕೆಲಸ ಮಾಡೋಕೆ ತಿಂಗಳುಗಟ್ಟಲೆ ಬೇಕು, ಹಾಗಾಗಿ ಚಳಿಗಾಲಕ್ಕೆ ಮುಂಚೆಯೇ ಹಾಕಬೇಕು. ಬ್ಲೂಬೆರಿ ಗಿಡದ ಬುಡಕ್ಕೆ ಮಾತ್ರ ಸೋಕಿಸಲಿಲ್ಲ, ಅದಕ್ಕೆ ಹುಳಿ ಮಣ್ಣೇ ಬೇಕು.

40 ಪೌಂಡಿನ ನಾಲ್ಕು ಚೀಲ ಹೊತ್ತು ಮಾರನೇ ದಿನ ಬೆನ್ನು ಎತ್ತಲಾಗಲಿಲ್ಲ. ಆಗಲೇ ನನಗೆ ಹೊಳೆದದ್ದು: ರಫಿನ್ ಎಕರೆಗೆ ನೂರಾರು ಬುಶೆಲ್ (ಒಂದು ಬುಶೆಲ್ ಅಂದರೆ ಸುಮಾರು 35 ಲೀಟರ್) ಮಾರ್ಲ್ ಹಾಕಿಸುತ್ತಿದ್ದ, ಅದನ್ನು ಗುಂಡಿಯಿಂದ ಅಗೆದು ಗಾಡಿಗೆ ತುಂಬಿ ಹೊಲಕ್ಕೆ ಸಾಗಿಸಿದವರು ಅವನು ಗುಲಾಮರಾಗಿ ಇಟ್ಟುಕೊಂಡಿದ್ದ ಕಪ್ಪು ಜನ. ಅವನಿಗೆ ನೆಲ ಉಳಿಯಬೇಕಿತ್ತು, ಆ ಗುಲಾಮಗಿರಿಯೂ ಉಳಿಯಬೇಕಿತ್ತು. ಅದಕ್ಕೇ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಹೊರಬರಬೇಕು ಅಂತ ವರ್ಷಾನುಗಟ್ಟಲೆ ಬರೆದ, 1861ರ ಏಪ್ರಿಲ್ 12ರಂದು, 67ನೇ ವಯಸ್ಸಿನಲ್ಲಿ, ಒಕ್ಕೂಟದ ಸೇನೆಯಿದ್ದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ತೋಪು ಹಾರಿಸಿದ, ಅಂತರ್ಯುದ್ಧ ಶುರುವಾದದ್ದು ಅಲ್ಲಿಂದ. ದಕ್ಷಿಣ ಸೋತ ಮೇಲೆ 1865ರ ಜೂನ್‌ನಲ್ಲಿ ತಾನೇ ಗುಂಡು ಹಾರಿಸಿಕೊಂಡು ಸತ್ತ. ಮಣ್ಣಿನ ವಿಷಯದಲ್ಲಿ ಅವನು ಹೇಳಿದ್ದು ಸರಿ, ಮನುಷ್ಯರ ವಿಷಯದಲ್ಲಿ ಘೋರ ತಪ್ಪು. ಅವನ ವಿಧಾನವನ್ನು ನಾನು ಬಳಸುತ್ತೇನೆ, ಆದರೆ ಆ ಗುಂಡಿಗಿಳಿದವರ ಮಾತು ಎತ್ತದೆ ಯಾರಿಗೂ ಹೇಳಿಕೊಡುವುದಿಲ್ಲ.

ಎರಡನೇ ವಸಂತಕ್ಕೆ ಪಿಎಚ್ 6.3 ಆಗಿತ್ತು. ಸಾರೆಲ್ ಕಳೆ ಮೂಲೆಗೆ ಸರಿದಿತ್ತು. ಅವರೆ ಬೇರು ಕಿತ್ತು ನೋಡಿದೆ, ತುಂಬಾ ಗಂಟು ಕಟ್ಟಿತ್ತು, ಒಂದನ್ನು ಉಗುರಿನಲ್ಲಿ ಒಡೆದರೆ ಒಳಗೆ ಗುಲಾಬಿ ಬಣ್ಣ, ಅಂದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಬ್ಯಾಕ್ಟೀರಿಯಾ ಒಳಗೆ ಕೆಲಸ ಮಾಡುತ್ತಿವೆ.