ಮ್ಯಾರಥಾನ್ ಓಟಗಾರ ಬೇಕೇ? 1500 ಮೀಟರ್‌ನಿಂದ ಶುರು ಮಾಡಿ

ಧಾರವಾಡದಲ್ಲಿ ದಿನಾ ಬೆಳಿಗ್ಗೆ ಮಕ್ಕಳನ್ನು ಓಡಿಸುತ್ತೇನೆ. ಎಷ್ಟೋ ಅಪ್ಪಂದಿರು ಬಂದು, "ಸರ್ರ, ಇವನ್ನ ಮ್ಯಾರಥಾನ್‌ಗೆ ತಯಾರ್ ಮಾಡ್ರಿ" ಅನ್ನುತ್ತಾರೆ. ಹುಡುಗನಿಗೆ ಇನ್ನೂ ಹದಿನೈದು ತುಂಬಿರುವುದಿಲ್ಲ.

ಮೊದಲು ಗುರಿ ಎಲ್ಲಿದೆ ನೋಡಿ. 2016ರ ರಿಯೋ ಒಲಿಂಪಿಕ್ಸ್‌ಗೆ ಗಂಡಸರ ಮ್ಯಾರಥಾನ್ (42 ಕಿಲೋಮೀಟರ್ ಚಿಲ್ಲರೆ) ಅರ್ಹತಾ ಸಮಯ 2:19:00, ಅಂದರೆ 2 ಗಂಟೆ 19 ನಿಮಿಷ ಇತ್ತು. 2024ರ ಪ್ಯಾರಿಸ್‌ಗೆ ಅದು 2:08:10 ಆಯಿತು, ಹೆಂಗಸರಿಗೆ 2:26:50. ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ ಓಡಿದ 2:12:00 ನಮ್ಮ ದೇಶದಲ್ಲಿ ನಲವತ್ತು ವರ್ಷಕ್ಕೂ ಜಾಸ್ತಿ ದಾಖಲೆಯಾಗಿ ಉಳಿಯಿತು. 2:08:10 ಅಂದರೆ 400 ಮೀಟರ್ ಟ್ರ್ಯಾಕಿನ ಒಂದೊಂದು ಸುತ್ತಿಗೆ 73 ಸೆಕೆಂಡ್. ಅಂಥ 105 ಸುತ್ತು! ನಿಮ್ಮ ಹುಡುಗನಿಗೆ ಅದೇ ವೇಗದಲ್ಲಿ ನಾಲ್ಕು ಸುತ್ತು ಓಡಲು ಹೇಳಿ, ಗೊತ್ತಾಗುತ್ತದೆ.

ಹಾಗಾಗಿ ವೇಗ ಮೊದಲು, ದೂರ ಆಮೇಲೆ. ಹದಿನೇಳರ ತನಕ 800, 1500, 3000 ಮೀಟರ್ ಸಾಕು. ಇಪ್ಪತ್ತರ ತನಕ 5000, 10,000 ಮತ್ತು ಕ್ರಾಸ್ ಕಂಟ್ರಿ (ಹೊಲ, ದಿಬ್ಬದ ಮೇಲಿನ ಓಟ). ನಂತರ ಹಾಫ್, ಅಂದರೆ ಅರ್ಧ ಮ್ಯಾರಥಾನ್. ಪೂರ್ತಿ ಮ್ಯಾರಥಾನ್ ಇಪ್ಪತ್ತೆರಡು ದಾಟಿದ ಮೇಲೇ ಇರಲಿ. 2020ರಲ್ಲಿ ದೆಹಲಿಯಲ್ಲಿ ಹಾಫ್ ಮ್ಯಾರಥಾನನ್ನು 1:00:30ಕ್ಕೆ ಮುಗಿಸಿದ ಅವಿನಾಶ್ ಸಾಬ್ಳೆಯವರ ಮುಖ್ಯ ಸ್ಪರ್ಧೆ ಯಾವುದು? 3000 ಮೀಟರ್ ಸ್ಟೀಪಲ್‌ಚೇಸ್, ಅಂದರೆ ಅಡ್ಡಗಟ್ಟೆ, ನೀರಿನ ಗುಂಡಿ ದಾಟಿ ಓಡುವ ಓಟ.

ಯಾರಲ್ಲಿ ಕಸುವಿದೆ ಅಂತ ನೋಡಲು ನಾನು ಮಾಡುವುದು ಇಷ್ಟು. 1000 ಮೀಟರ್ ಐದು ಸಲ, ನಡುವೆ ಎರಡೆರಡು ನಿಮಿಷ ಬಿಡುವು. ಒಬ್ಬ ಮೊದಲನೆಯದನ್ನು 2:50ಕ್ಕೆ (2 ನಿಮಿಷ 50 ಸೆಕೆಂಡ್) ಓಡಿ, ಐದನೆಯದಕ್ಕೆ 3:20ಕ್ಕೆ ಬರುತ್ತಾನೆ. ಇನ್ನೊಬ್ಬ 3:02ಕ್ಕೆ ಶುರು ಮಾಡಿ 3:04ಕ್ಕೆ ಮುಗಿಸುತ್ತಾನೆ. ಚಪ್ಪಾಳೆ ಮೊದಲನೆಯವನಿಗೆ ಬೀಳುತ್ತದೆ. ನಾನು ಎರಡನೆಯವನ ಹೆಸರು ಬರೆದುಕೊಳ್ಳುತ್ತೇನೆ. ಕೊನೆಯ ಸುತ್ತಿನಲ್ಲಿ ಅವನ ಹೆಗಲು ನೋಡಿ, ಕಿವಿ ಹತ್ತಿರ ಏರಿರುವುದಿಲ್ಲ, ಅಂದರೆ ಮೈ ಬಿಗಿದಿಲ್ಲ.

ಪ್ರತಿ ಭಾನುವಾರ ಎಲ್ಲೋ ಒಂದು ಕಡೆ ಬಹುಮಾನದ ರಸ್ತೆ ಓಟ ಇರುತ್ತದೆ. ಬಡ ಮನೆಗೆ ಆ ದುಡ್ಡು ದೊಡ್ಡದೇ, ನನಗೂ ಗೊತ್ತು. ಆದರೂ ತಿಂಗಳಿಗೆ ಒಂದಕ್ಕಿಂತ ಜಾಸ್ತಿ ಬೇಡ. ವಾರ ವಾರ ಡಾಂಬರಿನ ಮೇಲೆ ಜೀವ ಬಿಟ್ಟು ಓಡಿದರೆ ಮೊಣಕಾಲ ಕೆಳಗಿನ ಎಲುಬು ನೋಯಲು ಶುರುವಾಗುತ್ತದೆ, ಇಡೀ ಸೀಸನ್ ಹೋಗುತ್ತದೆ. ಅಭ್ಯಾಸಕ್ಕೆ ಕೆಂಪು ಮಣ್ಣಿನ ದಾರಿ ಹುಡುಕಿ. ನವಲಗುಂದ, ಗದಗ ಕಡೆಯವರಿಗೆ ಮಳೆಗಾಲದಲ್ಲಿ ಎರಿ ಮಣ್ಣು ಬೂಟಿಗೆ ಮೆತ್ತಿಕೊಳ್ಳುತ್ತದೆ, ಆಗ ಶಾಲೆಯ ಮೈದಾನವೇ ಗತಿ.

ಹೆಣ್ಣುಮಕ್ಕಳ ಓಟ ಏಕಾಏಕಿ ನಿಧಾನವಾದರೆ ಬೈಯಬೇಡಿ. ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ರೊಟ್ಟಿ, ಕಾಳುಪಲ್ಯ, ಶೇಂಗಾ ಹೊಟ್ಟೆ ತುಂಬ ಕೊಡಿ. ಉಂಡ ಕೂಡಲೇ ಚಹಾ ಬೇಡ, ಊಟದಲ್ಲಿನ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಕೊನೆಗೆ ಅರ್ಹತೆಗಾಗಿ ಓಡುವಾಗ ಅಳತೆ ಪ್ರಮಾಣಿತವಾದ ಹಾದಿಯನ್ನೇ ಆರಿಸಿ. ಶುರುವಿಗಿಂತ ಕೊನೆ 42 ಮೀಟರಿಗಿಂತ ಜಾಸ್ತಿ ತಗ್ಗಿನಲ್ಲಿದ್ದರೆ, ಎಷ್ಟು ಜೋರಾಗಿ ಓಡಿದರೂ ಆ ಸಮಯ ಲೆಕ್ಕಕ್ಕೆ ಬರುವುದಿಲ್ಲ.