ಏರಲ್ಲಿ ಗಾಡಿ ಜಾರೋದು ನಿಂತಿದ್ದು ಹೆಂಗೆ: ನನ್ನ ಅನುಭವ

ಗೇರ್ ಗಾಡಿ ಓಡ್ಸೋದು ಕಲೀತೀನಿ ಅಂದಾಗ ಎಲ್ಲಾರೂ ಬೇಡ ಅಂದಿದ್ರು. ನಮ್ಮನೆಯವ್ರು "ಆಟೋಮ್ಯಾಟಿಕ್ ತಗೊಳೋಣ ಬಿಡು" ಅಂದ್ರು, ನಾದಿನಿ "ಅತ್ಗೆ, ನಲವತ್ತಾದ್ಮೇಲೆ ಈ ಕ್ಲಚ್ ಗಿಚ್ ಎಲ್ಲಾ ಕಷ್ಟ" ಅಂದ್ಲು. ಈಗ ನಮ್ಮ 2011ರ ಆಲ್ಟೊನ ಮೈಸೂರಲ್ಲಿ ಯಾವ ಏರಲ್ಲಿ ಬೇಕಾದ್ರೂ ನಿಲ್ಸಿ ಎತ್ತೀನಿ, ಒಂದಿಂಚೂ ಹಿಂದಕ್ಕೆ ಹೋಗಲ್ಲ.

ಡ್ರೈವಿಂಗ್ ಸ್ಕೂಲಿಗೆ 7,000 ಕಟ್ಟಿದ್ದೆ. ಅವ್ರ ಗಾಡೀಲಿ ಟ್ರೈನರ್ ಕಾಲಡಿಗೂ ಕ್ಲಚ್ಚು ಬ್ರೇಕು ಇರುತ್ತಲ್ಲ, ಗಾಡಿ ಆಫ್ ಆಗೋ ಸೂಚನೆ ಸಿಕ್ರೆ ಸಾಕು ಆತ ಒತ್ತಿಬಿಡೋನು, ಇಪ್ಪತ್ತು ದಿನ ಹಂಗೇ ಕಳೀತು. ಸ್ವಂತ ಗಾಡಿಗೆ ಎಲ್ ಬೋರ್ಡ್ ಅಂಟಿಸ್ಕೊಂಡು ಮೊದಲ್ನೇ ದಿನ ಹೊರಟ್ರೆ ಮನೆ ಹತ್ರದ ಹಂಪಲ್ಲೇ ಹಿಂದಕ್ಕೆ ಜಾರಿ ಆಟೋಗೆ ತಗುಲ್ತು. ಹೆಡ್‌ಲೈಟಿಗೆ ಅಂತ 1,200 ಕೊಟ್ಟೆ, ನಮ್ ಬಂಪರಿಗೆ ಸುಮಾರು 1,800. ಟೆಸ್ಟಲ್ಲೂ ಅದೇ, ಏರಲ್ಲಿ ಜಾರಿ ಫೇಲು. ಏಳು ದಿನ ಬಿಟ್ಟು ಮತ್ತೆ 300 ಕಟ್ಟೋದು ದೊಡ್ಡ ವಿಷ್ಯ ಅಲ್ಲ, ಮತ್ತೆ ಹಂಗೇ ಜಾರಿದ್ರೆ ಅನ್ನೋದೇ ಭಯ.

ಎಲ್ಲಾರೂ ಹೇಳೋದು ಖಾಲಿ ಲೇಔಟಿಗೆ ಹೋಗಿ ಓಡ್ಸಿ ಅಂತ. ಬೋಗಾದಿ ಆಚೆ ಹದಿನೈದು ದಿನ ಅದನ್ನೂ ಮಾಡ್ದೆ, ಅಲ್ಲಿ ಏರೂ ಇಲ್ಲ, ಹಿಂದೆ ಹಾರ್ನ್ ಹೊಡಿಯೋರೂ ಇಲ್ಲ, ಪೆಟ್ರೋಲ್ ಹೋಗಿದ್ದೊಂದೇ.

ಆಮೇಲೆ ನಮ್ ಚಿಕ್ಕಪ್ಪನ್ನ ಕರ್ಕೊಂಡೆ, ಮೂವತ್ತು ವರ್ಷ ಲಾರಿ ಓಡ್ಸಿರೋರು. ಬೆಳಗ್ಗೆ ಐದೂವರೆಗೆ ಚಾಮುಂಡಿ ಬೆಟ್ಟದ ರಸ್ತೆ, ಹಿಂದೆ ಯಾರೂ ಇಲ್ದಿರೋ ಜಾಗ, ಹ್ಯಾಂಡ್ ಬ್ರೇಕ್ ಮೇಲೆ ಅವ್ರ ಕೈ. ಆಕ್ಸಿಲರೇಟರ್ ಮುಟ್ಟಂಗೇ ಇಲ್ಲ. ಬ್ರೇಕ್ ಒತ್ತಿರಬೇಕು, ಕ್ಲಚ್ ನಿಧಾನಕ್ಕೆ ಬಿಡ್ತಾ ಹೋಗ್ಬೇಕು, ಒಂದು ಹಂತದಲ್ಲಿ ಇಂಜಿನ್ ಸದ್ದು ದಪ್ಪ ಆಗಿ ಸೀಟಿನಡಿ ಸಣ್ಣ ನಡುಕ ಬರುತ್ತೆ, ಬಾನೆಟ್ ಒಂಚೂರು ಮೇಲೇಳುತ್ತೆ. "ಗಾಡಿ ಮೂಗು ಎತ್ತಿತು ನೋಡು, ಅಲ್ಲೇ ಕಾಲು ನಿಲ್ಸವ್ವ, ಈಗ ಬ್ರೇಕ್ ಬಿಡು" ಅನ್ನೋರು. ಬಿಟ್ರೆ ಗಾಡಿ ಹಂಗೇ ನಿಂತಿರುತ್ತೆ! ದಿನಕ್ಕೆ ಮೂವತ್ತು ನಲವತ್ತು ಸಲ ಅದೊಂದೇ. ಕಡಿದಾದ ಕಡೆ ಆಕ್ಸಿಲರೇಟರ್ ಬೇಕೇ ಬೇಕು, ಅದು ಎರಡನೇ ವಾರಕ್ಕೆ. ನಡುವೆ ನಾನು ಹಾಫ್ ಕ್ಲಚ್ಚಲ್ಲೇ, ಅಂದ್ರೆ ಕ್ಲಚ್ ಅರ್ಧ ಬಿಟ್ಟು, ತುಂಬಾ ಹೊತ್ತು ಹಿಡ್ಕೊಂಡು ಕ್ಲಚ್ ಪ್ಲೇಟ್ ಸುಟ್ಟೆ, ಆ ವಾಸನೆ ಎರಡು ದಿನ ಹೋಗ್ಲಿಲ್ಲ, ಮೆಕ್ಯಾನಿಕ್ಕಿಗೆ ಕೂಲಿ ಸೇರಿ 5,500 ಆಯ್ತು. ಎರಡು ಮೂರು ಸೆಕೆಂಡ್ ಮೇಲೆ ಹಿಡೀಬೇಡಿ.

ಇದರ ಜೊತೆಗೇ ಬ್ರೇಕ್ ಮೆತ್ತಗೆ ಒತ್ತೋದು ಕಲಿಯೋಕೆ ಅಂತ ಡ್ಯಾಶ್‌ಬೋರ್ಡ್ ಮೇಲೆ ಸ್ಟೀಲ್ ಲೋಟದಲ್ಲಿ ಮುಕ್ಕಾಲು ನೀರಿಟ್ಟು ಓಡಿಸ್ದೆ. ನಾಕು ದಿನ ಚೆಲ್ತು, ಐದನೇ ದಿನ ಚೆಲ್ಲಲಿಲ್ಲ. ಆದ್ರೆ ಟ್ರಾಫಿಕ್ಕಲ್ಲಿ ಇಡ್ಬೇಡಿ, ಕಣ್ಣು ಲೋಟದ ಮೇಲೇ ಹೋಗುತ್ತೆ. ಗಾಡಿ ಎಡಗಡೆ ಎಲ್ಲಿವರೆಗೆ ಬರುತ್ತೆ ಅನ್ನೋ ಅಂದಾಜಿಗೆ ಮುಂದಿನ ಗ್ಲಾಸ್ ಮೇಲೆ ಬಿಂದಿ ಅಂಟಿಸ್ಕೊಂಡಿದ್ದೆ, ಎಲ್ಲಿ ಅಂತ ಮಾತ್ರ ಹೇಳಲ್ಲ, ಅದನ್ನ ಹುಡುಕೋಕೇ ನಂಗೆ ಒಂದು ವಾರ ಹಿಡೀತು.

ಮೂರನೇ ವಾರ ಬಂಡಿಪಾಳ್ಯ ಎಪಿಎಂಸಿ ಮಾರ್ಕೆಟ್ ಕಡೆ. ತರಕಾರಿ ಟೆಂಪೋ, ಲಾರಿ, ಅಡ್ಡ ಬರೋ ಸ್ಕೂಟರು. ಮನೇಲಿ ಗೊತ್ತಾದಾಗ ಜಗಳಾನೇ ಆಯ್ತು. ಆದ್ರೆ ಅಲ್ಲಿ ಗಾಡಿ ಓಡೋದೇ ಹತ್ತಡಿ, ನಿಲ್ಲೋದು, ಮತ್ತೆ ಹತ್ತಡಿ, ಬೆಟ್ಟದಲ್ಲಿ ಕಲ್ತ ಕಾಲು ಅಲ್ಲಿ ಕೂತ್ಕೊಳ್ತು. ಎಲ್ಲಾ ಸೇರಿ ನಲವತ್ತು ದಿನ, ಎಂಟುನೂರು ಒಂಬೈನೂರು ಕಿಲೋಮೀಟರ್ ಇರಬಹುದು, ಪೆಟ್ರೋಲಿಗೆ ಆರು ಸಾವಿರದ ಮೇಲೆ.

ಎಲ್‌ಎಲ್ (ಕಲಿಯೋರ ಲೈಸೆನ್ಸ್) ಆರು ತಿಂಗಳು ಮುಗಿಯೋಕೆ ಹತ್ತು ದಿನ ಇರೋವಾಗ ಎರಡನೇ ಟೆಸ್ಟು ಪಾಸು. ಹೋದ ವಾರ ಚಿಕ್ಕಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಂಜನಗೂಡಿಗೆ ಹೋದೆ, ಕಡಕೊಳ ದಾಟೋ ಅಷ್ಟ್ರಲ್ಲಿ ಅವ್ರಿಗೆ ನಿದ್ದೆ ಹತ್ತಿತ್ತು.