‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಮೊದಲ್ನೇ ಸಲ ನೋಡೋರು ಹೀಗ್ ನೋಡಿ

ಅಮೆರಿಕದಲ್ಲಿ ಕ್ರಿಸ್‌ಮಸ್ ಬಂತಂದ್ರೆ ಎಷ್ಟೋ ಮನೇಲಿ ಹಾಕ್ಕೊಂಡ್ ಕೂರೋ ಸಿನಿಮಾ ಇದು, 1946ರದ್ದು, ಫ್ರಾಂಕ್ ಕಾಪ್ರಾ ಡೈರೆಕ್ಷನ್, ಜೇಮ್ಸ್ ಸ್ಟೀವರ್ಟ್ ಹೀರೋ. ದೇವದೂತ ಬಂದು ಒಬ್ಬನ್ನ ಉಳಿಸೋ ಕಥೆ ಅಂತ ಕೇಳಿ ನಾನು ಕೂತಿದ್ದೆ, ಒಂದು ಗಂಟೆ ಆದ್ರೂ ದೇವದೂತನ ಪತ್ತೆ ಇಲ್ಲ, ಆಫ್ ಮಾಡ್ಬಿಟ್ಟೆ. ಎರಡು ವರ್ಷ ಬಿಟ್ಟು ಪೂರ್ತಿ ನೋಡ್ದಾಗ ಗೊತ್ತಾಯ್ತು, ದೇವದೂತ ಬರೋಕ್ ಮುಂಚಿನ ಆ ಒಂದೂವರೆ ಗಂಟೆ ಮೇಲೇನೇ ಇಡೀ ಸಿನಿಮಾ ನಿಂತಿರೋದು ಅಂತ.

ಪ್ಲೇ ಮಾಡೋಕ್ ಮುಂಚೆ ಎಷ್ಟು ನಿಮಿಷ ಇದೆ ನೋಡ್ಕೊಳ್ಳಿ, ಸುಮಾರು 130 ನಿಮಿಷ ಇರ್ಬೇಕು. ತುಂಬಾ ಕಮ್ಮಿ ಇದ್ರೆ ಅದು ಕತ್ತರಿಸಿದ ವರ್ಷನ್, ಬೇಡ. ಆಮೇಲೆ ಬಣ್ಣ ಹಚ್ಚಿದ ವರ್ಷನ್ನೂ ಸಿಗತ್ತೆ, ಅದನ್ನೂ ಬಿಡಿ, ಬ್ಲ್ಯಾಕ್ ಅಂಡ್ ವೈಟೇ ನೋಡಿ, ಕೊನೆಕೊನೆಗೆ ಊರಿಗೆ ಊರೇ ಬದಲಾಗೋ ರಾತ್ರಿ ಇದ್ಯಲ್ಲ ಅದ್ರ ಭಯ ಇರೋದೇ ಆ ಕಪ್ಪು ನೆರಳಲ್ಲಿ. ಜನ ಒಬ್ಬರ ಮೇಲೊಬ್ಬರು ಮಾತಾಡ್ತಾರೆ, ಸಬ್‌ಟೈಟಲ್ ಹಾಕ್ಕೊಳ್ಳಿ. ಇವತ್ತರ್ಧ ನಾಳೆಯರ್ಧ ಅಂತ ಮಾತ್ರ ನೋಡ್ಬೇಡಿ, ಮುಖಗಳು ಮರ್ತ್ ಹೋಗತ್ತೆ.

ಇನ್ನೊಂದ್ ಮಾತು, ಹಬ್ಬದ ಸಿನಿಮಾ ಅಂದ್ರೂ ಇದ್ರಲ್ಲಿ ಒಬ್ಬ ಜೀವ ಕಳ್ಕೊಳ್ಳೋಕೆ ಸೇತುವೆ ಮೇಲೆ ಬಂದು ನಿಲ್ತಾನೆ. ಮನಸ್ಸು ತುಂಬಾ ಕುಗ್ಗಿರೋ ಟೈಮಲ್ಲಿ ಒಬ್ರೇ ನೋಡ್ಬೇಡಿ, ಯಾರನ್ನಾದ್ರೂ ಜೊತೆಗ್ ಕೂರಿಸ್ಕೊಳ್ಳಿ.

ಶುರುವಲ್ಲಿ ಆಕಾಶದಲ್ಲಿ ಮಿನುಗ್ತಾ ಮಾತಾಡೋ ನಕ್ಷತ್ರಗಳು ದೇವಲೋಕದವರು, ಜಾರ್ಜ್ ಬೈಲಿ ಅನ್ನೋನ ಕಥೆನ ಕ್ಲಾರೆನ್ಸ್ ಅನ್ನೋ ದೇವದೂತನಿಗೆ ಹೇಳ್ತಿರ್ತಾರೆ, ಮುಂದೆ ಬರೋದೆಲ್ಲ ಆ ಫ್ಲ್ಯಾಶ್‌ಬ್ಯಾಕು. ಇಲ್ಲಿ ಎರಡು ವಿಷಯ ತಲೇಲಿಟ್ಕೊಳ್ಳಿ. ಐಸ್ ಒಡೆದು ನೀರಿಗೆ ಬಿದ್ದ ತಮ್ಮನ್ನ ಎಳೆಯೋಕೆ ಹೋಗಿ ಹುಡುಗ ಜಾರ್ಜ್‌ಗೆ ಎಡಗಿವಿ ಕೇಳ್ಸದ ಹಾಗಾಗತ್ತೆ. ಮಗ ಸತ್ತ ಸುದ್ದಿ ಬಂದು ಕುಸಿದಿರೋ ಔಷಧಿ ಅಂಗಡಿ ಯಜಮಾನ್ರು ಗೊತ್ತಿಲ್ದೆ ವಿಷ ತುಂಬಿ ಕೊಟ್ಟಾಗ ಅದನ್ನ ತಡೆಯೋನೂ ಅವನೇ.

ಜಾರ್ಜ್ ನಡೆಸೋ ‘ಬಿಲ್ಡಿಂಗ್ ಅಂಡ್ ಲೋನ್’ ಏನಂದ್ರೆ ಹೆಚ್ಚೂಕಮ್ಮಿ ನಮ್ಮ ಪತ್ತಿನ ಸಹಕಾರ ಸಂಘದ ಥರ, ಊರೋರು ಕಟ್ಟಿದ ದುಡ್ಡೇ ಊರೋರಿಗೆ ಮನೆ ಸಾಲ ಆಗಿ ಹೋಗಿರತ್ತೆ. ಇದು ತಿಳ್ಕೊಂಡ್ರೆ ಜನ ದುಡ್ಡು ವಾಪಸ್ ಕೇಳ್ಕೊಂಡು ನುಗ್ಗೋ ಸೀನ್ ಅರ್ಥ ಆಗತ್ತೆ, ನನಗಂತೂ ಇಡೀ ಸಿನಿಮಾದಲ್ಲಿ ಅದೇ ಬೆಸ್ಟ್. ಮದುವೆ ದಿನ ಅದು, ಹನಿಮೂನಿಗೆ ಅಂತ ಇಟ್ಕೊಂಡಿದ್ದ 2,000 ಡಾಲರ್‌ನ ಹೆಂಡ್ತಿ ಮೇರಿನೇ ಎತ್ತಿ ತೋರಿಸ್ತಾಳೆ, ಮೊದಲ್ನೇ ಆಸಾಮಿ ತನ್ನ 242 ಡಾಲರ್ ಪೂರ್ತಿ ಕೊಡು ಅಂತ ಹಟ ಹಿಡೀತಾನೆ, ಸ್ವಲ್ಪ ಹೊತ್ತಾದ್ಮೇಲೆ ಒಬ್ಬ ಹೆಂಗಸು ಮೆಲ್ಲಗೆ ಹದಿನೇಳೂವರೆ ಡಾಲರ್ ಸಿಗತ್ತಾ ಅಂತಾಳೆ, ಆಗ ಸ್ಟೀವರ್ಟ್ ಮುಖ ನೋಡಿ. ಬಾಗಿಲು ಮುಚ್ಚೋ ಹೊತ್ತಿಗೆ ಉಳಿಯೋದು ಎರಡೇ ಡಾಲರ್.

ಹಿಮ ಬೀಳೋದನ್ನೂ ಗಮನಿಸಿ. ಶೂಟಿಂಗ್ ನಡೆದಿದ್ದು ಬೇಸಿಗೆ ಸೆಕೇಲಿ. ಆಗೆಲ್ಲ ಹಿಮ ಅಂದ್ರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸು, ಕಾಲಿಟ್ರೆ ಕರುಂ ಕರುಂ ಅಂತ ಸೌಂಡ್ ಬಂದು ಡೈಲಾಗ್ ಆಮೇಲೆ ಡಬ್ ಮಾಡ್ಬೇಕಾಗ್ತಿತ್ತು, ಇವರು ಬೆಂಕಿ ಆರಿಸೋ ನೊರೆಗೆ ಸೋಪು ನೀರು ಬೆರೆಸಿ ಸದ್ದಿಲ್ಲದ ಹಿಮ ಮಾಡಿದ್ರು, ಅದಕ್ಕೆ ಆಸ್ಕರ್‌ನೋರ ಟೆಕ್ನಿಕಲ್ ಅವಾರ್ಡೂ ಬಂತು. ಆದ್ರೆ ಸಿನಿಮಾ ರಿಲೀಸಾದಾಗ ಹಾಕಿದ ದುಡ್ಡೂ ಬರ್ಲಿಲ್ಲ. 1974ರಲ್ಲಿ ಕಾಪಿರೈಟ್ ರಿನ್ಯೂ ಮಾಡದೆ ಬಿಟ್ಟಿದ್ರಿಂದ ಟಿವಿ ಚಾನೆಲ್‌ಗಳು ಪ್ರತಿ ಡಿಸೆಂಬರ್ ಹಾಕೋಕ್ ಶುರು ಮಾಡಿದ್ವು, ಜನರ ಮನಸ್ಸಲ್ಲಿ ಕೂತಿದ್ದು ಹಾಗೆ.

ಬಾರಲ್ಲಿ ಕೂತು ಜಾರ್ಜ್ ಪ್ರಾರ್ಥನೆ ಮಾಡೋ ಕ್ಲೋಸಪ್ ಬಂದಾಗ ದಯವಿಟ್ಟು ಫೋನ್ ಮುಟ್ಬೇಡಿ. ಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿ ವಾಪಸ್ ಬಂದ ಸ್ಟೀವರ್ಟ್‌ಗೆ ಇದೇ ಮೊದಲ್ನೇ ಸಿನಿಮಾ.

ಕೊನೇಲಿ ಮನೆ ತುಂಬಾ ಜನ ಬರ್ತಾರೆ, ಆಗ ಜಾರ್ಜ್‌ನೊಬ್ಬನ್ನೇ ನೋಡ್ಬೇಡಿ, ಒಳಗ್ ಬರ್ತಿರೋರ ಮುಖ ನೋಡಿ. ಔಷಧಿ ಅಂಗಡಿ ಯಜಮಾನ್ರ ಗುರುತು ಸಿಗ್ಲಿಲ್ಲ ಅಂದ್ರೆ ಪಾಜ್ ಮಾಡಿ ಹಿಂದೆ ಹೋಗಿ ಇನ್ನೊಂದ್ಸಲ ನೋಡಿ.